ಮರೆತ ಮಾತು, ಮುಚ್ಚಿದ ಬಾಗಿಲು

ಅಲಿಬಾಬಾ ಮತ್ತು ನಲವತ್ತು ಮಂದಿ ಕಳ್ಳರ ಕಥೆಯನ್ನು ಕೇಳದ ಮಕ್ಕಳು ನಮ್ಮ ನಾಡಿನಲ್ಲಿಯೂ ವಿರಳ. ಕಳ್ಳರ ಗುಹೆಗೆ ಬೀಗವಿಲ್ಲ, ಕೀಲಿಕೈಯಿಲ್ಲ. ಎಳ್ಳಿನ ಹೆಸರು ಹಿಡಿದು ‘ತೆರೆ’ ಎಂದರೆ ಸಾಕು, ಬಂಡೆಯೇ ಪಕ್ಕಕ್ಕೆ ಸರಿಯುತ್ತದೆ. ಅಲಿಬಾಬಾನ ಸೋದರ ಕಾಸಿಮನು ಆ ಮಾತನ್ನು ತಿಳಿದುಕೊಂಡು ಒಳಹೊಕ್ಕನು. ಹೊನ್ನಿನ ರಾಶಿಯನ್ನು ಕಂಡ ಭ್ರಮೆಯಲ್ಲಿ ಅವನಿಗೆ ಮಾತು ಮರೆತುಹೋಯಿತು. ಬಾರ್ಲಿಯ ಹೆಸರು ಹೇಳಿದನು. ಬೇರೆ ಬೇರೆ ಧಾನ್ಯಗಳ ಹೆಸರು ಹೇಳಿದನು. ಎಳ್ಳು ಮಾತ್ರ ನೆನಪಿಗೆ ಬರಲಿಲ್ಲ. ಕಳ್ಳರು ಮರಳಿ ಬಂದರು. ಕಾಸಿಮನ ಕಥೆ ಅಲ್ಲಿಗೆ ಮುಗಿಯಿತು. ಈ ಕಥೆಯನ್ನು ಫ್ರಾನ್ಸಿನ ವಿದ್ವಾಂಸ ಆಂತ್ವಾನ್ ಗಲ್ಲಾಂ 1709ರಲ್ಲಿ ಪ್ಯಾರಿಸ್ ನಗರದಲ್ಲಿ, ಸಿರಿಯಾದ ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬವನ ಬಾಯಿಂದ ಕೇಳಿದನೆಂದು ಇತಿಹಾಸಕಾರರು ತಿಳಿಸುತ್ತಾರೆ.

ದುರಾಸೆ ಕೆಟ್ಟದ್ದು ಎಂದು ಹೇಳಿ ನಾವು ತರಗತಿಯಲ್ಲಿ ಈ ಪಾಠವನ್ನು ಮುಗಿಸುತ್ತಿದ್ದೆವು. ಆದರೆ ಕಥೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಆ ಬಂಡೆಗೆ ಮಾತು ಗೊತ್ತು, ಮನುಷ್ಯ ಗೊತ್ತಿಲ್ಲ. ಮಾತನ್ನು ಬಲ್ಲವನು ಕಳ್ಳನಾದರೂ ಅದು ತೆರೆಯುತ್ತದೆ. ಮರೆತವನು ಯಾರೇ ಆದರೂ ಮುಚ್ಚಿಯೇ ಇರುತ್ತದೆ. ಇಂದು ನಮ್ಮ ಮನೆಮನೆಯ ಗಣಕಯಂತ್ರಗಳ ಮುಂದೆ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂಬ ಒಕ್ಕಣೆಯನ್ನು ನೋಡುತ್ತ ಕುಳಿತವರ ಸ್ಥಿತಿಯೂ ಇದೇ. ಯಂತ್ರ ತನ್ನದೇ, ಒಳಗಿರುವ ಬರಹ ತನ್ನದೇ, ಆದರೂ ತಾನು ತಾನೇ ಎಂದು ಯಂತ್ರವನ್ನು ನಂಬಿಸುವ ದಾರಿಯಿಲ್ಲ. ಈ ಬಾಗಿಲು ಹೇಗೆ ಬಂತು, ಮರೆತವರು ಅದನ್ನು ಮತ್ತೆ ಹೇಗೆ ತೆರೆದರು, ಯಾವಾಗ ತೆರೆಯಲಾರದೆ ಹೋದರು ಎಂಬುದನ್ನು ಕೊಂಚ ವಿವರವಾಗಿ ನೋಡೋಣ.

ಗುರುತು ಹೇಳಿ ನಂಬಿಸುವ ಸಮಸ್ಯೆ ಹೊಸದಲ್ಲ. ವಾಲ್ಮೀಕಿ ರಾಮಾಯಣದ ಸುಂದರಕಾಂಡವನ್ನು ನೆನೆಯಿರಿ. ಅಶೋಕವನದಲ್ಲಿ ಹನುಮಂತನು ಎದುರು ಬಂದು ನಿಂತಾಗ ಸೀತೆಗೆ ಅನುಮಾನ: ಇವನು ರಾಮದೂತನೋ, ವೇಷ ಮರೆಸಿಕೊಂಡು ಬಂದ ರಾವಣನೋ? ಹನುಮಂತನು ಮುದ್ರೆಯುಂಗುರವನ್ನು ಕೊಡುತ್ತಾನೆ. ಅವನು ಹಿಂದಿರುಗುವಾಗ ಸೀತೆ ಚೂಡಾಮಣಿಯನ್ನು ಕೊಡುತ್ತಾಳೆ. ಅಷ್ಟರಿಂದಲೇ ಅವಳು ತೃಪ್ತಳಾಗುವುದಿಲ್ಲ. ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ್ದನ್ನೂ, ರಾಮನು ಅದರ ಮೇಲೆ ದರ್ಭೆಯನ್ನು ಅಸ್ತ್ರವಾಗಿ ಬಿಟ್ಟಿದ್ದನ್ನೂ ಹೇಳಿ, ಇದನ್ನು ರಾಮನಿಗೆ ತಿಳಿಸು ಎನ್ನುತ್ತಾಳೆ. ಒಡವೆಯನ್ನು ಯಾರಾದರೂ ಕದಿಯಬಹುದು; ಗಂಡಹೆಂಡಿರ ನಡುವಿನ ನೆನಪನ್ನು ಕದಿಯಲಾಗದು. ಇದನ್ನೇ ನಮ್ಮ ಹಿರಿಯರು ‘ಅಭಿಜ್ಞಾನ’ ಎಂದು ಕರೆದರು. ಕಾಳಿದಾಸನ ನಾಟಕದ ಹೆಸರಿನಲ್ಲಿರುವ ಅಭಿಜ್ಞಾನವೂ ಇದೇ. ಅಲ್ಲಿ ಮರೆತವನು ರಾಜ, ನೆನಪು ಮರಳಿಸಿದ್ದು ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರ. ಬಾಯಿಯ ಮಾತು, ಕೈಯ ವಸ್ತು, ಇಬ್ಬರಿಗೆ ಮಾತ್ರ ತಿಳಿದ ನೆನಪು - ಗುರುತಿನ ಈ ಸಾಧನಗಳು ಹಳೆಯ ಕಾಲದಲ್ಲಿಯೇ ಇದ್ದವು. ಗಣಕಯಂತ್ರವನ್ನು ಕಟ್ಟಿದವರು ಮೊದಲು ಆರಿಸಿಕೊಂಡದ್ದು ಇವುಗಳಲ್ಲಿ ಅತಿ ಅಗ್ಗವಾದುದನ್ನು, ಅಂದರೆ ಬಾಯಿಯ ಮಾತನ್ನು.

ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದನ್ನು ತೋರಿಸಿಕೊಟ್ಟರು. ಅದಕ್ಕೆ ಸಿ.ಟಿ.ಎಸ್.ಎಸ್. ಎಂದು ಹೆಸರು. ಊರಿನ ಒಂದೇ ಬಾವಿಯಿಂದ ಹಲವು ಮನೆಯವರು ನೀರು ಸೇದಿದಂತೆ, ಒಂದೇ ಯಂತ್ರದಿಂದ ಹಲವರು ಲೆಕ್ಕ ಮಾಡಿಸುತ್ತಿದ್ದರು. ಒಬ್ಬನ ಕಡತವನ್ನು ಇನ್ನೊಬ್ಬನು ನೋಡಬಾರದು. ಒಬ್ಬನಿಗೆ ಕೊಟ್ಟ ಯಂತ್ರಕಾಲವನ್ನು ಇನ್ನೊಬ್ಬನು ಕಬಳಿಸಬಾರದು. ಅದಕ್ಕಾಗಿ ಒಬ್ಬೊಬ್ಬರಿಗೂ ಒಂದೊಂದು ಗುಪ್ತಪದವನ್ನು ಕೊಟ್ಟರು. ಗಣಕಯಂತ್ರದ ಪಾಸ್‌ವರ್ಡಿನ ಇತಿಹಾಸವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ.

ಆ ದಿನಗಳಲ್ಲಿ ಗುಪ್ತಪದವನ್ನು ಮರೆತರೆ ದೊಡ್ಡ ಚಿಂತೆಯೇನೂ ಇರಲಿಲ್ಲ. ಎಲ್ಲರ ಗುಪ್ತಪದಗಳೂ ಯಂತ್ರದೊಳಗಿನ ಒಂದು ಕಡತದಲ್ಲಿ ಇದ್ದಂತೆಯೇ ಬರೆದಿಡಲ್ಪಟ್ಟಿದ್ದವು. ಯಂತ್ರಶಾಲೆಯ ಮೇಲ್ವಿಚಾರಕರನ್ನು ಕೇಳಿದರೆ ನೋಡಿ ಹೇಳಬಹುದಾಗಿತ್ತು. ಆದರೆ ಮರೆತವನಿಗೆ ಸುಲಭವಾದದ್ದು ಕದಿಯುವವನಿಗೂ ಸುಲಭ. ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ ಕೊಟ್ಟಿದ್ದ ನಾಲ್ಕು ಗಂಟೆಗಳ ಯಂತ್ರಕಾಲ ಸಾಲದಾಯಿತು. 1962ರಲ್ಲಿ ಅವನು ಆ ಕಡತವನ್ನೇ ಮುದ್ರಿಸಿಕೊಡಬೇಕೆಂಬ ಕೋರಿಕೆಯನ್ನು ರಂಧ್ರಪತ್ರದಲ್ಲಿ ಸಲ್ಲಿಸಿದನು. ಯಂತ್ರವು ನಿಷ್ಠೆಯಿಂದ ಮುದ್ರಿಸಿಕೊಟ್ಟಿತು. ಇತರರ ಹೆಸರಿನಲ್ಲಿ ಅವನು ಲೆಕ್ಕ ಮುಗಿಸಿದನು. ಈ ವಿಷಯವನ್ನು ಬಹಿರಂಗವಾಗಿ ಹೇಳಿದ್ದು ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ.

1966ರಲ್ಲಿ ಇನ್ನೂ ವಿಚಿತ್ರವಾದ ಸಂಗತಿ ನಡೆಯಿತು. ಅದೇ ಯಂತ್ರದಲ್ಲಿ ದಿನದ ಪ್ರಕಟಣೆಯ ಕಡತವೂ ಗುಪ್ತಪದಗಳ ಕಡತವೂ ಅದಲುಬದಲಾದವು. ಒಳಗೆ ಬಂದವರಿಗೆಲ್ಲ ಯಂತ್ರವು ಪ್ರಕಟಣೆಯ ಬದಲು ಸಮಸ್ತರ ಗುಪ್ತಪದಗಳನ್ನು ತೋರಿಸತೊಡಗಿತು. ಇಬ್ಬರು ಮೇಲ್ವಿಚಾರಕರು ಒಂದೇ ಹೊತ್ತಿನಲ್ಲಿ ಎರಡು ಕಡತಗಳನ್ನು ತಿದ್ದಲು ಕುಳಿತಿದ್ದೇ ಕಾರಣ; ತಿದ್ದುಪಡಿಯ ತಂತ್ರಾಂಶವು ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿತ್ತು. ಕೊರ್ಬಾಟೊ ಅವರು 1990ರ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದಾಗ ಮಾಡಿದ ಉಪನ್ಯಾಸದಲ್ಲಿ, ಇಂತಹ ವ್ಯವಸ್ಥೆಗಳು ಎಲ್ಲಿ ಹೇಗೆ ಸೋಲುತ್ತವೆಂಬುದಕ್ಕೆ ಈ ಪ್ರಸಂಗವನ್ನೇ ದೃಷ್ಟಾಂತವಾಗಿ ಕೊಟ್ಟರು.

ಹಾಗಾದರೆ ಗುಪ್ತಪದಗಳನ್ನು ಎಲ್ಲಿ ಬರೆದಿಡುವುದು? ಎಲ್ಲಿಯೂ ಬರೆದಿಡಬಾರದು ಎಂಬುದೇ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಕಂಡುಕೊಂಡ ಉತ್ತರ. ಅಲ್ಲಿ ರೋಜರ್ ನೀಡಮ್ ಅವರು 1960ರ ದಶಕದಲ್ಲಿ ರೂಪಿಸಿದ ಉಪಾಯವನ್ನು ಮಾರಿಸ್ ವಿಲ್ಕ್ಸ್ ಅವರು 1968ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅದನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಜೋಳವನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ಮತ್ತೆ ಕಾಳನ್ನು ಮಾಡಲಾಗದು. ಯಂತ್ರವು ನಿಮ್ಮ ಗುಪ್ತಪದವನ್ನು ಗಣಿತದ ಬೀಸುಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮರುದಿನ ನೀವು ಗುಪ್ತಪದವನ್ನು ಬೆರಳಚ್ಚು ಮಾಡಿದಾಗ ಅದನ್ನೂ ಬೀಸಿ, ಎರಡು ಹಿಟ್ಟುಗಳೂ ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ. ಕಳ್ಳನು ಕಡತವನ್ನು ಹೊತ್ತೊಯ್ದರೂ ಅವನಿಗೆ ಸಿಗುವುದು ಹಿಟ್ಟೇ ಹೊರತು ಕಾಳಲ್ಲ.

ಇದರ ಪರಿಣಾಮವೊಂದನ್ನು ನಾವು ಗಮನಿಸಬೇಕು. ಅಂದಿನಿಂದ ನಿಮ್ಮ ಗುಪ್ತಪದವನ್ನು ಬಲ್ಲವರು ನೀವೊಬ್ಬರೇ. ಯಂತ್ರಕ್ಕೂ ಅದು ತಿಳಿಯದು, ಮೇಲ್ವಿಚಾರಕನಿಗೂ ತಿಳಿಯದು. ‘ನನ್ನ ಹಳೆಯ ಪಾಸ್‌ವರ್ಡನ್ನು ಹುಡುಕಿಕೊಡಿ’ ಎಂದು ಕೇಳಿದರೆ ಪ್ರಾಮಾಣಿಕನಾದ ಯಾವ ತಂತ್ರಜ್ಞನೂ ‘ಆಗದು, ಹೊಸದನ್ನು ಹಾಕಿಕೊಡಬಲ್ಲೆ’ ಎನ್ನುವುದು ಇದೇ ಕಾರಣದಿಂದ. ಮರೆತದ್ದನ್ನು ನೆನಪಿಸುವ ಕೆಲಸ ಅಲ್ಲಿಗೆ ಮುಗಿಯಿತು. ಇವನೇ ಆ ಮನುಷ್ಯ ಎಂದು ಬೇರೆ ದಾರಿಯಿಂದ ಖಚಿತಪಡಿಸಿಕೊಂಡು, ಹಳೆಯ ಹಿಟ್ಟನ್ನು ಚೆಲ್ಲಿ ಹೊಸ ಹಿಟ್ಟನ್ನು ಇಡುವ ಕೆಲಸ ಆರಂಭವಾಯಿತು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದವರು ಈ ವಿಧಾನವನ್ನೇ ಮುಂದುವರಿಸಿದರು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಪ್ರಕಟಿಸಿದ ಲೇಖನವು ಇಂದಿಗೂ ಓದಲು ಯೋಗ್ಯವಾದುದು. ಇಬ್ಬರು ಒಂದೇ ಗುಪ್ತಪದವನ್ನು ಇಟ್ಟುಕೊಂಡಿದ್ದರೂ ಹಿಟ್ಟು ಬೇರೆಬೇರೆಯಾಗುವಂತೆ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆಯನ್ನು ಬೆರೆಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ಉಪ್ಪು’. ಅದೇ ಲೇಖನದಲ್ಲಿ ಅವರು ಜನರು ಇಟ್ಟುಕೊಂಡಿದ್ದ 3,289 ಗುಪ್ತಪದಗಳನ್ನು ಪರೀಕ್ಷಿಸಿದ ಲೆಕ್ಕವಿದೆ. ಅವುಗಳಲ್ಲಿ 2,831, ಎಂದರೆ ಶೇಕಡಾ 86ರಷ್ಟು, ತೀರ ಚಿಕ್ಕವು ಅಥವಾ ನಿಘಂಟಿನಲ್ಲಿಯೋ ಹೆಸರುಗಳ ಪಟ್ಟಿಯಲ್ಲಿಯೋ ಸಿಗುವಂಥವು. ಹದಿನೈದು ಮಂದಿ ಒಂದೇ ಒಂದು ಅಕ್ಷರವನ್ನು ಇಟ್ಟುಕೊಂಡಿದ್ದರಂತೆ! ಮರೆತುಬಿಟ್ಟೇವೆಂಬ ಭಯ ಮನುಷ್ಯನಿಂದ ಏನನ್ನೆಲ್ಲ ಮಾಡಿಸುತ್ತದೆ ನೋಡಿ.

ಥಾಂಪ್ಸನ್ ಅವರು ಸ್ವತಃ ಏನನ್ನು ಇಟ್ಟುಕೊಂಡಿದ್ದರು ಎಂಬ ಕುತೂಹಲ ಸಹಜ. ಯುನಿಕ್ಸಿನ ಹಳೆಯ ಪ್ರತಿಯೊಂದರಲ್ಲಿ ಉಳಿದುಕೊಂಡಿದ್ದ ಅವರ ಹಿಟ್ಟಿನಿಂದ ಮೂಲಪದವನ್ನು ಊಹಿಸಲು ಹಲವರು ಪ್ರಯತ್ನಿಸಿ ಸೋತಿದ್ದರು. ಸುಮಾರು ನಾಲ್ಕು ದಶಕಗಳ ಅನಂತರ, 2019ರ ಅಕ್ಟೋಬರಿನಲ್ಲಿ, ಒಬ್ಬರು ಯಂತ್ರವನ್ನು ದಿನಗಟ್ಟಲೆ ಓಡಿಸಿ ಅದನ್ನು ಕಂಡುಹಿಡಿದರು. ಅದು ಚದುರಂಗದ ಒಂದು ನಡೆ: ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದಿಡುವ ಆರಂಭದ ನಡೆ, ಹಳೆಯ ಪದ್ಧತಿಯಲ್ಲಿ ಬರೆದದ್ದು. ಚದುರಂಗವಾಡುವ ಯಂತ್ರವನ್ನೇ ಕಟ್ಟಿದ್ದ ಥಾಂಪ್ಸನ್ ಅವರು ಆ ವ್ಯಕ್ತಿಗೆ ಅಭಿನಂದನೆ ತಿಳಿಸಿದರು. ಮನುಷ್ಯನು ಗುಟ್ಟನ್ನು ಆರಿಸುವಾಗಲೂ ತಾನು ಪ್ರೀತಿಸುವ ವಸ್ತುವಿನ ಬಳಿಗೇ ಹೋಗುತ್ತಾನೆ. ಗುಪ್ತಪದದ ದೌರ್ಬಲ್ಯವೂ ಅದೇ. ಮರೆತಾಗ ಊಹಿಸಲು ಇರುವ ದಾರಿಯೂ ಅದೇ.

ಈ ಮಾತಿಗೆ ನಾರ್ವೆ ದೇಶದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಭಾಷೆಯನ್ನು ಪ್ರೀತಿಸುವವರಾದ ನಮಗೆ ಅದು ಹೆಚ್ಚು ಹತ್ತಿರದ್ದು. ಇವಾರ್ ಓಸೆನ್ (1813-1896) ಎಂಬ ಮಹನೀಯನು ನಾರ್ವೆಯ ಹಳ್ಳಿಹಳ್ಳಿಗಳನ್ನು ಸುತ್ತಿ, ರೈತಾಪಿ ಜನರ ಆಡುನುಡಿಗಳನ್ನು ಸಂಗ್ರಹಿಸಿ, ಅವುಗಳಿಂದ ಒಂದು ಬರವಣಿಗೆಯ ಭಾಷೆಯನ್ನೇ ರೂಪಿಸಿದನು. ಅವನ ಹುಟ್ಟೂರಿನ ನೆಲದಲ್ಲಿ ಅವನ ಹೆಸರಿನ ಭಾಷಾಕೇಂದ್ರವೊಂದು 2000ದಲ್ಲಿ ಆರಂಭವಾಯಿತು. ರೈದಾರ್ ದ್ಯೂಪೆದಾಲ್ ಎಂಬ ವಿದ್ವಾಂಸರು ಜೀವಮಾನವಿಡೀ ಕೂಡಿಸಿದ್ದ ಸುಮಾರು 11,000 ಗ್ರಂಥಗಳ ಭಂಡಾರ ಆ ಕೇಂದ್ರದ ಪಾಲಿಗೆ ಬಂದಿತ್ತು. ಗ್ರಂಥಗಳ ಸೂಚಿ ಗಣಕಯಂತ್ರದಲ್ಲಿತ್ತು. ಅದಕ್ಕೆ ಗುಪ್ತಪದದ ಕಾವಲಿತ್ತು. ಸೂಚಿಯನ್ನು ಸಿದ್ಧಪಡಿಸಿದವರು ಅದನ್ನು ಯಾರಿಗೂ ಹೇಳದೆ ತೀರಿಕೊಂಡಿದ್ದರು. ವರ್ಷಗಳ ದುಡಿಮೆ ಕಣ್ಣೆದುರಿಗಿದ್ದೂ ಕೈಗೆಟುಕದಾಯಿತು. 2002ರಲ್ಲಿ ಕೇಂದ್ರದವರು ಸಂಕೋಚವನ್ನು ಬದಿಗಿಟ್ಟು, ಬಲ್ಲವರು ನೆರವಾಗಬೇಕೆಂದು ಜಗತ್ತಿಗೆಲ್ಲ ಬಿನ್ನಹ ಮಾಡಿಕೊಂಡರು. ಬಹುಬೇಗನೆ ಉತ್ತರ ಬಂತು. ಗುಪ್ತಪದವು ಬೇರೇನೂ ಅಲ್ಲ, ದ್ಯೂಪೆದಾಲ್ ಎಂಬ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಬರೆದದ್ದು! ನಮ್ಮ ಶಾಲೆಯ ಹುಡುಗರು ‘ಕಮಲ’ವನ್ನು ‘ಲಮಕ’ ಮಾಡಿ ಆಡುತ್ತಿದ್ದ ಗುಟ್ಟಿನ ಭಾಷೆಯಂತೆ.

ಅಂತಹುದೇ ಒಂದು ಭಂಡಾರ, ಚಿಕ್ಕದಾದರೂ, ನನ್ನ ಬಳಕೆಯ ವಲಯದಲ್ಲಿಯೇ ಇತ್ತು. ನನ್ನ ಸಹೋದ್ಯೋಗಿಗಳಾಗಿದ್ದ ಕನ್ನಡ ಪಂಡಿತರೊಬ್ಬರು ನಿವೃತ್ತಿಯ ಬಳಿಕ ಗಣಕಯಂತ್ರವನ್ನು ಕಲಿತು, ತಮ್ಮ ತಾಯಿಯೂ ಸೋದರತ್ತೆಯರೂ ಹಾಡುತ್ತಿದ್ದ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಒಂದೊಂದಾಗಿ ಬೆರಳಚ್ಚು ಮಾಡಿ ಇಟ್ಟಿದ್ದರು. ಹಾಡಿದವರು ಆ ವೇಳೆಗೆ ಯಾರೂ ಉಳಿದಿರಲಿಲ್ಲ. 2009ರಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಮಾತು ನಿಧಾನವಾಗಿ ಮರಳಿತು, ಗುಪ್ತಪದ ಮರಳಲಿಲ್ಲ. ಮೊಮ್ಮಕ್ಕಳ ಹೆಸರು, ಮನೆದೇವರ ಹೆಸರು, ಹುಟ್ಟೂರು - ಮನೆಯವರು ಎಲ್ಲವನ್ನೂ ಹಾಕಿ ನೋಡಿದರು. ಕೊನೆಗೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ರಜೆಗೆ ಬಂದಾಗ ವಿಷಯ ತಿಳಿಸಿದೆವು. ಅವನು ಒಂದು ಸಿ.ಡಿ.ಯನ್ನು ಹಿಡಿದು ಬಂದನು. ಯಂತ್ರವನ್ನು ಮುಟ್ಟುವ ಮೊದಲು ಪಂಡಿತರ ಮಂಚದ ಬಳಿ ನಿಂತು, “ಮೇಷ್ಟ್ರೇ, ನಿಮ್ಮ ಅಪ್ಪಣೆಯಾದರೆ ತೆರೆಯುತ್ತೇನೆ” ಎಂದನು. ಅವರು ತಲೆಯಾಡಿಸಿದರು. ಅರ್ಧ ಗಂಟೆಯೊಳಗೆ ಹಾಡುಗಳೆಲ್ಲ ಒಂದು ಪೆನ್‌ಡ್ರೈವಿಗೆ ಇಳಿದವು. ಅವನು ಗುಪ್ತಪದವನ್ನು ಕಂಡುಹಿಡಿಯಲೇ ಇಲ್ಲ. ಅದರ ಅಗತ್ಯವೇ ಬೀಳಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ಅವರ ಯಂತ್ರದಲ್ಲಿದ್ದುದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. ಆ ಕಾಲದ ಮನೆಬಳಕೆಯ ಯಂತ್ರಗಳು ನಮ್ಮ ಹಳೆಯ ಹೆಂಚಿನ ಮನೆಗಳಂತೆ ಇದ್ದವು. ಮುಂಬಾಗಿಲಿಗೆ ಬೀಗ ಭದ್ರವಾಗಿದ್ದರೂ ಹೆಂಚು ಸರಿಸಿದವನು ಒಳಗೆ ಇಳಿಯಬಹುದಾಗಿತ್ತು. ಗುಪ್ತಪದವನ್ನು ಕೇಳುತ್ತಿದ್ದುದು ವಿಂಡೋಸ್ ಎಂಬ ಕಾವಲುಗಾರ, ಸಿ.ಡಿ.ಯಲ್ಲಿದ್ದ ಲಿನಕ್ಸ್ ವ್ಯವಸ್ಥೆಯಿಂದ ಯಂತ್ರವನ್ನು ಚಾಲೂ ಮಾಡಿದರೆ ಆ ಕಾವಲುಗಾರನು ಎಚ್ಚರಗೊಳ್ಳುತ್ತಲೇ ಇರಲಿಲ್ಲ. ಒಳಗಿನ ಕಡತಗಳು ಸಾದಾ ಬರಹದಲ್ಲಿಯೇ ಇದ್ದವು. ಎಕ್ಸ್‌ಪಿಯ ಮನೆಬಳಕೆಯ ಆವೃತ್ತಿಯಲ್ಲಂತೂ ಅಡ್ಮಿನಿಸ್ಟ್ರೇಟರ್ ಎಂಬ ಮರೆಯ ಖಾತೆಯೊಂದಿದ್ದು, ‘ಸೇಫ್ ಮೋಡ್’ನಲ್ಲಿ ಅದು ಕಾಣಿಸಿಕೊಳ್ಳುತ್ತಿತ್ತು, ಅದಕ್ಕೆ ಯಾರೂ ಗುಪ್ತಪದ ಹಾಕದಿದ್ದರೆ ನೇರವಾಗಿ ಒಳಗೆ ಹೋಗಬಹುದಾಗಿತ್ತು. ನಾರ್ವೆಯವರೇ ಆದ ಪೆಟ್ಟರ್ ನೂರ್ದಾಲ್-ಹಾಗೆನ್ ಎಂಬವರು 1990ರ ದಶಕದಲ್ಲಿಯೇ ಹಳೆಯ ಹಿಟ್ಟನ್ನು ಅಳಿಸಿಹಾಕುವ ತಂತ್ರಾಂಶವೊಂದನ್ನು ಬರೆದು ಎಲ್ಲರಿಗೂ ಹಂಚಿದ್ದರು. 2003ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್ ಓಕ್ಸ್ಲಿನ್ ಅವರು, ಮುಂಚಿತವಾಗಿಯೇ ಬೀಸಿಟ್ಟ ದೊಡ್ಡ ಕೋಷ್ಟಕಗಳ ಸಹಾಯದಿಂದ, ಅಕ್ಷರ ಮತ್ತು ಅಂಕಿಗಳಷ್ಟೇ ಇರುವ ಅಂದಿನ ವಿಂಡೋಸ್ ಗುಪ್ತಪದಗಳಲ್ಲಿ ಶೇಕಡಾ 99.9ರಷ್ಟನ್ನು 13.6 ಸೆಕೆಂಡುಗಳಲ್ಲಿ ಕಂಡುಹಿಡಿಯಬಹುದೆಂದು ತೋರಿಸಿದರು. ಆ ವಿಂಡೋಸಿನ ಹಿಟ್ಟಿಗೆ ‘ಉಪ್ಪು’ ಬೆರೆಸಿರಲಿಲ್ಲ ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ.

ಮರೆತವರಿಗೆ ವರವಾದ ಈ ಹೆಂಚಿನ ದಾರಿ ಲ್ಯಾಪ್‌ಟಾಪ್ ಕಳೆದುಕೊಂಡವರಿಗೆ ಶಾಪವಾಗಿತ್ತು. ಆದ್ದರಿಂದ ತಯಾರಕರು ಬಾಗಿಲನ್ನಲ್ಲ, ಮನೆಯೊಳಗಿನ ಸಾಮಾನನ್ನೇ ಕಾಯಲು ಹೊರಟರು. ಆಪಲ್ ಸಂಸ್ಥೆಯ ಫೈಲ್‌ವಾಲ್ಟ್ 2003ರಲ್ಲಿ ಬಂತು. ವಿಂಡೋಸ್ ವಿಸ್ಟಾದೊಡನೆ ಬಿಟ್‌ಲಾಕರ್ ಬಂತು. ಇವು ಕಡತಗಳನ್ನೇ ಗೂಢಲಿಪಿಗೆ ತಿರುಗಿಸಿ ಇಡುತ್ತವೆ. ಹೆಂಚು ಸರಿಸಿ ಇಳಿದರೂ, ಡಿಸ್ಕನ್ನೇ ಕಿತ್ತು ಬೇರೆ ಯಂತ್ರಕ್ಕೆ ಜೋಡಿಸಿದರೂ ಸಿಗುವುದು ಅರ್ಥವಿಲ್ಲದ ಅಕ್ಷರರಾಶಿ. ಬಿಟ್‌ಲಾಕರಿನಲ್ಲಿ ಮರೆತವರಿಗೆಂದು 48 ಅಂಕಿಗಳ ಒಂದು ಮರುಪ್ರವೇಶದ ಕೀಲಿಯನ್ನು ಕೊಡುತ್ತಾರೆ. ಅದೂ ಇಲ್ಲವಾದರೆ ಮುಂದೆ ದಾರಿಯಿಲ್ಲ. ಇಂದು ಮಾರಾಟವಾಗುವ ಮೊಬೈಲುಗಳೂ ಅನೇಕ ಲ್ಯಾಪ್‌ಟಾಪುಗಳೂ ನಾವು ಕೇಳದಿದ್ದರೂ ಹೀಗೆಯೇ ಇರುತ್ತವೆ. ಪಂಡಿತರ ಹಾಡುಗಳು ಇಂದಿನ ಯಂತ್ರದಲ್ಲಿ ಇದ್ದು ಆ ಕೀಲಿ ಸಿಗದೆ ಹೋಗಿದ್ದರೆ, ಆ ಶಿಷ್ಯನ ಸಿ.ಡಿ.ಯಿಂದ ಪ್ರಯೋಜನವಾಗುತ್ತಿರಲಿಲ್ಲ.

ಇದು ಅತಿಶಯೋಕ್ತಿಯಲ್ಲ. ಸ್ಟೀಫನ್ ಥಾಮಸ್ ಎಂಬ ತಂತ್ರಜ್ಞರು 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಒಂದು ಗೂಢಲಿಪಿಯ ಪೆನ್‌ಡ್ರೈವಿನಲ್ಲಿಟ್ಟು ಅದರ ಗುಪ್ತಪದವನ್ನು ಕಳೆದುಕೊಂಡರು. ಅದರಲ್ಲಿ ಹತ್ತು ಸಲ ಮಾತ್ರ ಪ್ರಯತ್ನಿಸಬಹುದು. ಆಮೇಲೆ ಅದು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರ ಜನವರಿಯಲ್ಲಿ ಪತ್ರಿಕೆಗಳು ಈ ಸುದ್ದಿಯನ್ನು ಪ್ರಕಟಿಸಿದಾಗ ಎಂಟು ಪ್ರಯತ್ನಗಳು ಮುಗಿದಿದ್ದವು. ಅಂದಿನ ಬೆಲೆಯಲ್ಲಿ ಅದು ಇಪ್ಪತ್ತು ಕೋಟಿ ಡಾಲರಿಗೂ ಮಿಗಿಲಾದ ಸಂಪತ್ತು. ಕಾಸಿಮನಿಗಿಂತ ದೊಡ್ಡ ಗುಹೆ. ವ್ಯತ್ಯಾಸವೆಂದರೆ ಇವರು ಹೊರಗೆ ಉಳಿದರು.

ಮರೆತವರ ನೆರವಿಗೆ ಬಂದ ಇನ್ನೊಂದು ಉಪಾಯ, ಸೀತೆಯ ಉಪಾಯದ ಬಡ ಅನುಕರಣೆ. ‘ನಿಮ್ಮ ತಾಯಿಯ ತವರಿನ ಮನೆತನದ ಹೆಸರೇನು?’, ‘ನೀವು ಓದಿದ ಮೊದಲ ಶಾಲೆ ಯಾವುದು?’ ಎಂಬ ಪ್ರಶ್ನೆಗಳನ್ನು ನೀವೆಲ್ಲ ಕಂಡಿದ್ದೀರಿ. ಮೊದಲನೆಯದು ಪಶ್ಚಿಮದ ಪದ್ಧತಿಯಿಂದ ಬಂದದ್ದು. ಮನೆತನದ ಹೆಸರೇ ಇಲ್ಲದೆ ಇನಿಷಿಯಲ್ಲಿನಿಂದ ಬದುಕುವ ನಮ್ಮಲ್ಲಿ ಅನೇಕರಿಗೆ ಅದಕ್ಕೆ ಉತ್ತರವೇ ಇಲ್ಲ. ಎರಡನೆಯದರ ಉತ್ತರ ಊರಿಗೆಲ್ಲ ಗೊತ್ತು. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪಾಲಿನ್ ಅವರ ಮಿಂಚಂಚೆಯೊಳಗೆ ಒಬ್ಬ ವಿದ್ಯಾರ್ಥಿಯು ನುಗ್ಗಿದ್ದು ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ಅಂತರ್ಜಾಲದಲ್ಲಿ ಹುಡುಕಿಯೇ. ಸೀತೆ ಹೇಳಿದ್ದು ಅಯೋಧ್ಯೆಯ ಎಲ್ಲರಿಗೂ ತಿಳಿದ ಸಂಗತಿಯನ್ನಲ್ಲ. ಚಿತ್ರಕೂಟದ ಏಕಾಂತದಲ್ಲಿ ನಡೆದದ್ದನ್ನು. ಈ ವಿವೇಕವನ್ನು ಯಂತ್ರದವರು ಕಲಿಯಲು ಬಹುಕಾಲ ಬೇಕಾಯಿತು.

ನಿಯಮ ಮಾಡುವವರೂ ತಪ್ಪಿದ್ದಾರೆ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು, ಆಗಾಗ್ಗೆ ಬದಲಿಸಬೇಕು ಎಂಬ ಕಟ್ಟಳೆಗಳು ಬಹುಮಟ್ಟಿಗೆ ಅಮೆರಿಕದ ಮಾನಕ ಸಂಸ್ಥೆಯ 2003ರ ಮಾರ್ಗದರ್ಶಿಯಿಂದ ಹರಡಿದವು. ಅದನ್ನು ಬರೆದ ಬಿಲ್ ಬರ್ ಅವರು 2017ರಲ್ಲಿ, ತಾವು ಹೇಳಿದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದರು. ಅದೇ ವರ್ಷದ ಪರಿಷ್ಕೃತ ಮಾರ್ಗದರ್ಶಿಯು, ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಿಸುವುದನ್ನು ಬಲವಂತ ಮಾಡಬಾರದು, ಚಿತ್ರವಿಚಿತ್ರ ಚಿಹ್ನೆಗಳಿಗಿಂತ ಉದ್ದವಾಗಿರುವುದೇ ಮುಖ್ಯ ಎಂದು ಹೇಳಿತು. ನೆನಪಿನಲ್ಲಿ ಉಳಿಯುವ ನಾಲ್ಕಾರು ಪದಗಳ ಸಾಲು, ನೆನಪಿಟ್ಟುಕೊಳ್ಳಲಾಗದ ಎಂಟು ಚಿಹ್ನೆಗಳಿಗಿಂತ ಮೇಲು.

ಈ ಆರು ದಶಕಗಳ ಕಥೆಯಿಂದ ನನಗೆ ತೋರಿದ್ದು ಇಷ್ಟು. ಮೊದಲು ಗುಟ್ಟನ್ನು ಯಂತ್ರವೂ ಬಲ್ಲುದಾಗಿತ್ತು. ಮರೆತವನಿಗೆ ಆಸರೆಯಿತ್ತು, ಭದ್ರತೆಯಿರಲಿಲ್ಲ. ಆಮೇಲೆ ಯಂತ್ರವು ಗುಟ್ಟನ್ನು ಮರೆಯಲು ಕಲಿಯಿತು. ಆದರೂ ಹೆಂಚಿನ ದಾರಿಯೊಂದು ಉಳಿದಿತ್ತು. ಈಗ ಆ ದಾರಿಯೂ ಮುಚ್ಚಿದೆ. ಭದ್ರತೆ ಹೆಚ್ಚಿದಷ್ಟೂ ಮರೆವಿನ ಹೊಣೆ ಮನುಷ್ಯನ ಮೇಲೆ ಹೆಚ್ಚು ಹೆಚ್ಚಾಗಿ ಬಿದ್ದಿದೆ. ವಯಸ್ಸು, ಕಾಯಿಲೆ, ಮರಣ ಇವುಗಳನ್ನು ಯಂತ್ರವು ಅರಿಯದು. ನಾವೇ ಅರಿತು ಏರ್ಪಾಡು ಮಾಡಬೇಕು. ಬ್ಯಾಂಕಿನ ಖಾತೆಗೆ ನಾಮಿನಿಯನ್ನು ಹೆಸರಿಸುವಂತೆ, ಗೂಗಲ್ ಸಂಸ್ಥೆಯು 2013ರಿಂದಲೂ ಆಪಲ್ ಸಂಸ್ಥೆಯು 2021ರಿಂದಲೂ ನಮ್ಮ ಬಳಿಕ ಖಾತೆಯ ಮಾಹಿತಿಯನ್ನು ಪಡೆಯಬಲ್ಲವರನ್ನು ಹೆಸರಿಸುವ ಅವಕಾಶವನ್ನು ಕೊಟ್ಟಿವೆ. ಅದನ್ನು ಬಳಸಿಕೊಳ್ಳಿರಿ. ಮರುಪ್ರವೇಶದ ಕೀಲಿಯನ್ನು ಒಂದು ಕಾಗದದಲ್ಲಿ ಬರೆದು, ಮನೆಯ ಪತ್ರಗಳನ್ನೂ ಒಡವೆಗಳನ್ನೂ ಇಡುವ ಬೀರುವಿನಲ್ಲಿಯೇ ಇಡಿರಿ. ಅದು ಎಲ್ಲಿದೆಯೆಂಬುದನ್ನು ನಂಬಿಕೆಯ ಒಬ್ಬರಿಗೆ ತಿಳಿಸಿರಿ. ಮುಖ್ಯವಾದ ಬರಹಗಳನ್ನೂ ಭಾವಚಿತ್ರಗಳನ್ನೂ ಇನ್ನೊಂದು ಕಡೆ ಪ್ರತಿಮಾಡಿ ಇಡಿರಿ. ಇನ್ನೊಬ್ಬರ ಯಂತ್ರವನ್ನು ತೆರೆದುಕೊಡುವ ವಿದ್ಯೆ ಬಲ್ಲ ತರುಣರು, ಆ ಹುಡುಗನಂತೆ ಮೊದಲು ಅಪ್ಪಣೆ ಕೇಳಿರಿ.

ಪಂಡಿತರು 2012ರಲ್ಲಿ ತೀರಿಕೊಂಡರು. ಆ ಬೀಸುವ ಪದಗಳು ಅವರ ಮಗಳ ಬಳಿ ಇವೆ; ಒಂದು ಪ್ರತಿ ನನ್ನಲ್ಲಿಯೂ ಇದೆ. ಅದಕ್ಕೆ ಗುಪ್ತಪದವನ್ನು ಹಾಕಿಲ್ಲ.